ಪಿ 0135: ಬಲ್ಬ್ ಹಚ್ಚಿ ಹಿಡಿದ ದೋಷ

ಗಂಗಾವತಿಯಲ್ಲಿ ನನ್ನ ಗ್ಯಾರೇಜ್ ಇರುವ ಸಾಲಿನಲ್ಲೇ ಹಿರಿಯ ಎಲೆಕ್ಟ್ರಿಷಿಯನ್ ಒಬ್ಬರಿದ್ದಾರೆ. ಕಾರಟಗಿಯ ಅಕ್ಕಿ ಗಿರಣಿ ಸಾಹುಕಾರರೊಬ್ಬರ ಪೆಟ್ರೋಲ್ ಕಾರಿನ ಆಕ್ಸಿಜನ್ ಸೆನ್ಸರ್ (ಇಂಜಿನ್ ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಸಾಧನ) ಕನೆಕ್ಟರಿಗೆ ನಾನು ಇಂಡಿಕೇಟರ್ ಬಲ್ಬ್ ಹಚ್ಚಿ ಕುಳಿತಿದ್ದಾಗ ಅವರು ಬಂದು ನೋಡಿ, “ಇಸಿಎಂ ಹೋಗೇತಿ ತಮ್ಮಾ, ಬಲ್ಬ್ ಹಚ್ಚಿ ಏನ್ ನೋಡ್ತಿ?” ಎಂದು ನಕ್ಕು ಹೋದರು. ಇಸಿಎಂ, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್, ಹೋಗಿರಲಿಲ್ಲ. ಅದನ್ನು ತೋರಿಸಿಕೊಡಲು ನನಗೆ ಹೆಚ್ಚೂಕಡಿಮೆ ಒಂಬತ್ತು ದಿನ ಮತ್ತು ಕೈಯಿಂದ ನಾಲ್ಕು ಸಾವಿರಕ್ಕೂ ಮಿಕ್ಕಿ ಹಣ ಹಿಡಿಯಿತು.

ಕಾರು ಬಂದಾಗ ಪಿ 0135 ಎಂಬ ದೋಷದ ಕೋಡ್ ಒಂದೇ ಇತ್ತು; ಮುಂದಿನ ಆಕ್ಸಿಜನ್ ಸೆನ್ಸರನ್ನು ಕಾಯಿಸುವ ಹೀಟರಿನ ಸರ್ಕ್ಯೂಟಿನಲ್ಲಿ ದೋಷ ಎಂದು ಅದರ ಅರ್ಥ. ಅಳಿಸಿದರೆ ಎರಡು ದಿನ ಸುಮ್ಮನಿದ್ದು, ಮೂರನೆಯ ಬೆಳಿಗ್ಗೆ ತಣ್ಣನೆಯ ಇಂಜಿನ್ ಚಾಲೂ ಮಾಡಿದ ಕೆಲವೇ ನಿಮಿಷಗಳಲ್ಲಿ ಡ್ಯಾಶ್‌ಬೋರ್ಡಿನ ಇಂಜಿನ್ ದೀಪ ಮತ್ತೆ ಹತ್ತುತ್ತಿತ್ತು. ಲೀಟರಿಗೆ ಹದಿನೇಳು ಕಿಲೋಮೀಟರ್ ಕೊಡುತ್ತಿದ್ದ ಗಾಡಿ ಹದಿನಾಲ್ಕಕ್ಕೆ ಇಳಿದಿದೆ ಎಂಬುದು ಸಾಹುಕಾರರ ದೂರು. ಅದಕ್ಕೂ ಮೊದಲೇ ಬೇರೊಂದು ಊರಿನಲ್ಲಿ ಒಂದು ಸೆನ್ಸರ್ ಬದಲಾಗಿತ್ತು. ಅದರಿಂದಲೂ ಆಗದಿದ್ದಾಗ ಇಸಿಎಂ ಬದಲಿಸಲು ಮೂವತ್ತು ಸಾವಿರದ ಆಸುಪಾಸಿನ ಲೆಕ್ಕ ಕೊಟ್ಟು ಕಳಿಸಿದ್ದರು.

ಮೊದಲ ತಪ್ಪು ನನ್ನದೇ. ಫ್ಯೂಸ್ ಸರಿಯಿತ್ತು. ಕನೆಕ್ಟರ್ ಬಿಚ್ಚಿ, ಕೀ ಆನ್ ಮಾಡಿ, ಹೀಟರಿನ ಸಪ್ಲೈ ತಂತಿಗೆ ಮಲ್ಟಿಮೀಟರ್ ಹಿಡಿದಾಗ 12.2 ವೋಲ್ಟ್ ಬಂತು. ಸಪ್ಲೈ ಸರಿಯಿದೆ ಎಂದು ತೀರ್ಮಾನಿಸಿ, ಹಿಂದೆ ಹಾಕಿದ್ದು ನಕಲಿ ಮಾಲಿರಬೇಕೆಂದು ಊಹಿಸಿ, ಸುಮಾರು 4,200 ರೂಪಾಯಿಗೆ ಅಸಲಿ ಸೆನ್ಸರ್ ತರಿಸಿ ಕೂರಿಸಿದೆ. ಮೂರನೆಯ ದಿನ ಸಾಹುಕಾರರು ಗಾಡಿ ತಂದು ಬಾಗಿಲಿಗೆ ನಿಲ್ಲಿಸಿದರು. ಒಮ್ಮೆ ಬಿಗಿದ ವಿದ್ಯುತ್ ಸಾಮಾನನ್ನು ಯಾವ ಅಂಗಡಿಯವರೂ ಮರಳಿ ತೆಗೆದುಕೊಳ್ಳುವುದಿಲ್ಲವೆಂಬುದು ನಿಮಗೂ ಗೊತ್ತಿರುತ್ತದೆ.

ಆಮೇಲೆ ತೆಗೆದದ್ದು 21 ವ್ಯಾಟಿನ ಬಲ್ಬ್. ಮೀಟರ್ ಎಳೆಯುವ ಕರೆಂಟ್ ಲೆಕ್ಕಕ್ಕೇ ಇಲ್ಲದಷ್ಟು ಸಣ್ಣದಾದ್ದರಿಂದ, ಒಂದೇ ಎಳೆಯ ಮೇಲೆ ನಿಂತಿರುವ ತಂತಿಯೂ ಅದಕ್ಕೆ ಪೂರ್ತಿ ವೋಲ್ಟೇಜನ್ನೇ ತೋರಿಸುತ್ತದೆ. ಬಲ್ಬಿಗಾದರೋ ಒಂದೂಮುಕ್ಕಾಲು ಆಂಪಿಯರ್ ಬೇಕು, ಹೀಟರ್ ಕೇಳುವುದೂ ಹೆಚ್ಚುಕಡಿಮೆ ಅಷ್ಟನ್ನೇ. ಸಪ್ಲೈ ತಂತಿಗೂ ಬಾಡಿಗೂ ನಡುವೆ ಹಚ್ಚಿದಾಗ ಬಲ್ಬ್ ಕೆಂಪಗೆ ಮಿಣುಕಿತು, ಮೀಟರಿನ ಅಂಕಿ ಏಳು ವೋಲ್ಟಿನ ಹತ್ತಿರ ಕುಸಿಯಿತು. ಹಿರಿಯರು ನಕ್ಕು ಹೋದದ್ದು ಇದೇ ಹೊತ್ತಿಗೆ. ಇಲ್ಲಿ ಒಂದು ಎಚ್ಚರಿಕೆ: ಈ ಬಲ್ಬನ್ನು ಇಸಿಎಂ ಅರ್ತ್ ಕೊಡುವ ಕಡೆಯ ತಂತಿಗೆ ಹಚ್ಚಬೇಡಿ. ತಣ್ಣಗಿರುವ ಫಿಲಮೆಂಟ್ ಮೊದಲ ಕ್ಷಣದಲ್ಲಿ ಎಳೆಯುವ ಕರೆಂಟ್ ಹಲವು ಪಟ್ಟು ಹೆಚ್ಚಾದ್ದರಿಂದ, ಒಳ್ಳೆಯ ಇಸಿಎಂ ಕೂಡ ನಿಜವಾಗಿಯೂ ಹೋಗಬಹುದು. ಆ ಕಡೆಗೆ ನಾನು 5 ವ್ಯಾಟಿನ ಬಲ್ಬ್ ಬಳಸಿದೆ. ಇಂಜಿನ್ ಓಡುವಾಗ ಅದು ಪಟಪಟನೆ ಮಿನುಗಿತು. ಇಸಿಎಂ ಕೆಲಸ ಮಾಡುತ್ತಿದೆ ಎನ್ನಲು ಅಷ್ಟು ಸಾಕಾಯಿತು.

ನಡುವೆ ಒಂದು ಸಂಜೆ, ಬಿಚ್ಚಿಟ್ಟಿದ್ದ ಹಳೆಯ ಸೆನ್ಸರನ್ನು ಕುತೂಹಲಕ್ಕಾಗಿ ನೇರವಾಗಿ ಬ್ಯಾಟರಿಗೆ ಕೊಟ್ಟು ನೋಡಿದೆ. ಮೊದಲಿಗೆ ಎರಡು ಆಂಪಿಯರಿನಷ್ಟು ಎಳೆದದ್ದು, ಕಾದಂತೆ ಒಂದು ನಿಮಿಷದೊಳಗೆ ಒಂದಕ್ಕಿಂತ ಕೆಳಗಿಳಿಯಿತು. ತಣ್ಣಗಿದ್ದಾಗ ಆರು ಓಮ್ ತೋರಿಸಿದ ಹೀಟರ್ ಕಾದಾಗ ಅದರ ಎರಡರಷ್ಟಕ್ಕೂ ಮೇಲೇರಿತ್ತು. ಅಂದರೆ ನಕಲಿಯೆಂದು ನಾನು ಬೈದಿದ್ದ ಸೆನ್ಸರಿನ ಹೀಟರ್ ಸರಿಯಾಗಿಯೇ ಇತ್ತು. ಬೇಗ ಆರಲೆಂದು ಒದ್ದೆ ಬಟ್ಟೆ ಸುತ್ತಿದ್ದರಿಂದ ಒಳಗಿನ ಪಿಂಗಾಣಿ ಟಿಕ್ಕೆಂದು ಬಿರುಕುಬಿಟ್ಟಿತು; ಆ ಸೆನ್ಸರಿನ ಕಥೆ ಅಲ್ಲಿಗೆ ಮುಗಿಯಿತು.

ಇನ್ನು ಉಳಿದದ್ದು ತಂತಿ. ಫ್ಯೂಸ್ ಡಬ್ಬಿಯ ಬಾಯಿಯಲ್ಲಿ ಅದೇ ಬಲ್ಬ್ ಬೆಳ್ಳಗೆ ಉರಿಯುತ್ತಿತ್ತು, ಕನೆಕ್ಟರಿನಲ್ಲಿ ಮಂಕಾಗುತ್ತಿತ್ತು. ದೋಷ ಇವೆರಡರ ನಡುವಿನ ಒಂದೂವರೆ ಮೀಟರಿನೊಳಗೇ ಇರಬೇಕು. ಇಡೀ ಹಾರ್ನೆಸ್ (ಟೇಪ್ ಸುತ್ತಿದ ತಂತಿಗಳ ಕಟ್ಟು) ಬಿಚ್ಚದೆ, ಒಂದು ಗೇಣಿನಷ್ಟು ಟೇಪ್ ಮಾತ್ರ ಸುಲಿದು ಜಾಗವನ್ನು ಹಿಡಿಯುವ ಉಪಾಯವೊಂದು ನನಗೆ ಸಿಕ್ಕಿದೆ. ಅದು ನನ್ನ ಹೊಟ್ಟೆಪಾಡಾದ್ದರಿಂದ ಇಲ್ಲಿ ಬರೆಯಲಾರೆ. ಲೋಡ್, ಅಂದರೆ ಕರೆಂಟ್ ಎಳೆಯುವ ಬಲ್ಬ್, ಹಚ್ಚಿಟ್ಟೇ ಹುಡುಕಬೇಕು ಎಂಬಷ್ಟನ್ನು ಹೇಳಬಲ್ಲೆ. ಬ್ಯಾಟರಿ ತಟ್ಟೆಯ ಕೆಳಗೆ, ಕಣ್ಣಿಗೆ ಬೀಳದ ತಿರುವಿನಲ್ಲಿ, ಯಾರೋ ಹಿಂದೆ ತಂತಿಗಳನ್ನು ಕೈಯಿಂದ ಹೊಸೆದು ಟೇಪ್ ಸುತ್ತಿದ್ದರು. ಟೇಪ್ ಬಿಚ್ಚಿದರೆ ತಾಮ್ರದ ತುಂಬಾ ಹಸಿರು ಕಿಲುಬು, ಹಿಡಿದುಕೊಂಡಿದ್ದ ಎಳೆಗಳು ಮೂರೋ ನಾಲ್ಕೋ. ಗಾಡಿ ನಿಲ್ಲುವುದು ಗಿರಣಿಯ ಗೋದಾಮಿನಲ್ಲಿ, ಭತ್ತದ ಚೀಲಗಳ ಪಕ್ಕದಲ್ಲಿ. ಎರಡು ವರ್ಷದ ಹಿಂದೆ ಇಲಿ ಕಡಿದು ಗಾಡಿಯೇ ಚಾಲೂ ಆಗದೆ ಯಾರನ್ನೋ ಕರೆಸಿದ್ದೆವು ಎಂದು ಸಾಹುಕಾರರಿಗೆ ಆಗ ನೆನಪಾಯಿತು. ಮೊದಲ ದಿನವೇ ನಾನು ಕೇಳಬೇಕಾಗಿದ್ದ ಪ್ರಶ್ನೆ ಅದು.

ಕಿಲುಬು ಹತ್ತಿದ ಭಾಗವನ್ನು ಎರಡೂ ಕಡೆ ಕತ್ತರಿಸಿ, ಅದೇ ದಪ್ಪದ ತಂತಿ ಸೇರಿಸಿ, ಬೆಸುಗೆ ಹಾಕಿ, ಒಳಮೈಗೆ ಅಂಟು ಬಳಿದಿರುವ, ಕಾಯಿಸಿದರೆ ಕುಗ್ಗುವ ಶ್ರಿಂಕ್ ಸ್ಲೀವ್ ಏರಿಸಿದೆ. ಸಾಮಾನಿನ ಖರ್ಚು ನೂರು ರೂಪಾಯಿಯೂ ಆಗಲಿಲ್ಲ. ಕನೆಕ್ಟರಿನಲ್ಲಿ ಬಲ್ಬ್ ಉರಿಯುವಾಗಲೇ 11.9 ವೋಲ್ಟ್ ನಿಂತಿತು. ಕೂಲಿಯೆಂದು 1,800 ಕೇಳಿದೆ, ಸಾಹುಕಾರರು ಎರಡು ಸಾವಿರ ಕೊಟ್ಟರು. ಗಾಡಿಯಲ್ಲೇ ಉಳಿದಿರುವ ಹೊಸ ಸೆನ್ಸರಿನ ಹಣವನ್ನು ಕೇಳಲು ನನಗೆ ಬಾಯಿ ಬರಲಿಲ್ಲ, ಅವರೂ ಆ ಮಾತೆತ್ತಲಿಲ್ಲ. ಒಂದು ಮಳೆಗಾಲ ಕಳೆದಿದೆ, ದೀಪ ಹತ್ತಿಲ್ಲ. ಗಾಡಿ ಈಗಲೂ ಅದೇ ಗೋದಾಮಿನಲ್ಲಿ ನಿಲ್ಲುತ್ತದೆ.