ಆಟೋ ಮೀಟರ್ ಹಿಡಿದು ಚರಾಕ್ಷರ ಕಲಿಸಿದ್ದು

ಮುಂಬೈಯ ಮುಲುಂಡಿನ ನಮ್ಮ ಮನೆಯಲ್ಲಿ ಸಂಜೆ ಹೊತ್ತು ನಮ್ಮ ಕಡೆಯ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಲೆಕ್ಕದಲ್ಲಿ ಬದಲಾಗುವ ಪ್ರಮಾಣವೇ ಚರ; ತಾನಾಗಿ ಬದಲಾಗುವುದು ಸ್ವತಂತ್ರ ಚರ (ರೂಢಿಯಲ್ಲಿ ಎಕ್ಸ್), ಅದಕ್ಕೆ ತಕ್ಕಂತೆ ಬದಲಾಗುವುದು ಅವಲಂಬಿತ ಚರ (ವೈ). ಇವು ಏನು ಅಂತ ಕೇಳಿದರೆ ಪಟಪಟ ಒಪ್ಪಿಸುತ್ತಾರೆ. ಲೆಕ್ಕ ಕೊಟ್ಟರೆ ಮಾತ್ರ, ಮೊದಲು ಕಂಡದ್ದು ಎಕ್ಸ್, ಆಮೇಲೆ ಕಂಡದ್ದು ವೈ ಅಂತ ಸುಮ್ನೆ ಬರೆದು ಕೂರುತ್ತಾರೆ. ಹಾಗಾಗಿ ಪುಸ್ತಕ ಬದಿಗಿಟ್ಟು ಆಟೋ ಮೀಟರ್ ಹಿಡಿದೆ.

2025ರ ಫೆಬ್ರವರಿಯಲ್ಲಿ ಏರಿದ ದರದ ಪ್ರಕಾರ ಮುಂಬೈಯಲ್ಲಿ ಮೊದಲ 1.5 ಕಿ.ಮೀ.ಗೆ 26 ರೂಪಾಯಿ, ಆಮೇಲೆ ಕಿ.ಮೀ.ಗೆ 17.14. ನಾನು ಕೇಳುವ ಪ್ರಶ್ನೆ ಒಂದೇ: ಯಾವುದು ಅಲ್ಲಾಡಿದರೆ ಯಾವುದು ಅಲ್ಲಾಡುತ್ತೆ? ದೂರ ಹೆಚ್ಚಿದರೆ ಬಾಡಿಗೆ ಹೆಚ್ಚುತ್ತೆ. ಡ್ರೈವರಿಗೆ ಹತ್ತು ರೂಪಾಯಿ ಜಾಸ್ತಿ ಕೊಟ್ಟರೆ ನಮ್ಮ ಮನೆ ಸ್ಟೇಷನ್ನಿಂದ ದೂರ ಹೋಗುತ್ತಾ? ಇಲ್ಲ ಅಲ್ವಾ! ಹಾಗಾದರೆ ದೂರ ಸ್ವತಂತ್ರ, ಬಾಡಿಗೆ ಅವಲಂಬಿತ.

"ಮೊದಲು 23 ಇತ್ತು, ಈಗ 26, ಅದೂ ಬದಲಾಯಿತಲ್ಲ?" ಅಂತ ಒಬ್ಬಳು ಕೇಳಿದಳು. ಒಳ್ಳೆಯ ಪ್ರಶ್ನೆ. ಇವತ್ತು ಆಟೋ ಹತ್ತಿ ಇಳಿಯುವಷ್ಟರಲ್ಲಿ ದರ ಬದಲಾಗುವುದಿಲ್ಲ, ಈ ಲೆಕ್ಕದ ಮಟ್ಟಿಗೆ ಅದು ಸ್ಥಿರಾಂಕ. ವರ್ಷ ವರ್ಷದ ದರದ ಪಟ್ಟಿ ಮಾಡಿದರೆ ಆಗ ವರ್ಷ ಸ್ವತಂತ್ರ ಚರ, ದರ ಅವಲಂಬಿತ.

ಇನ್ನು ಪ್ರಶ್ನೆ ತಿರುಗಿಸಿದೆ. ಜೇಬಲ್ಲಿ 100 ರೂಪಾಯಿ ಇದೆ, ಎಷ್ಟು ದೂರ ಹೋಗಬಹುದು? ಸುಮಾರು 5.8 ಕಿ.ಮೀ. ಈಗ ದುಡ್ಡು ಮೊದಲು, ದೂರ ಆಮೇಲೆ. ಹೋಟೆಲ್ ಮನೆಯ ಹುಡುಗನಿಗೆ ಇದು ಥಟ್ಟನೆ ಹೊಳೆಯಿತು: ನಾಳೆ ಎಷ್ಟು ಗಿರಾಕಿ ಬರಬಹುದು ಅಂತ ನೋಡಿ ಅಪ್ಪ ಅಕ್ಕಿ ನೆನೆಹಾಕುತ್ತಾರೆ, ಬೆಳಿಗ್ಗೆ ಹಿಟ್ಟು ಎಷ್ಟಿದೆಯೋ ಅಷ್ಟೇ ಇಡ್ಲಿ. ರಾತ್ರಿ ಅವಲಂಬಿತವಾಗಿದ್ದ ಹಿಟ್ಟು ಬೆಳಿಗ್ಗೆ ಸ್ವತಂತ್ರ!

ಆದರೆ ಎಲ್ಲವನ್ನೂ ಹೀಗೆ ತಿರುಗಿಸಲು ಬರುವುದಿಲ್ಲ. ಮೀಟರ್ 26 ತೋರಿಸಿದರೆ ಎಷ್ಟು ದೂರ ಬಂದಿರಿ? ಅರ್ಧ ಕಿ.ಮೀ. ಇರಬಹುದು, ಒಂದೂವರೆ ಇರಬಹುದು. ನಕ್ಷೆ ಬರೆಸಿದೆ: ದೂರ ಅಡ್ಡಕ್ಕೆ, ಬಾಡಿಗೆ ಮೇಲಕ್ಕೆ. 1.5ರವರೆಗೆ ಗೆರೆ ಚಪ್ಪಟೆ, ಆಮೇಲೆ ಏರು. ಆ ಚಪ್ಪಟೆ ಜಾಗದಲ್ಲಿ ಬಾಡಿಗೆಯಿಂದ ದೂರ ಹೇಳಲು ಆಗಲ್ಲ, ದೂರದಿಂದ ಬಾಡಿಗೆ ಮಾತ್ರ ಯಾವಾಗಲೂ ಹೇಳಬಹುದು. ಇದನ್ನು ಮಕ್ಕಳು ತಾವೇ ಗೆರೆ ಎಳೆದು ನೋಡಬೇಕು, ಬಾಯಲ್ಲಿ ಹೇಳಿದರೆ ತಲೆಗೆ ಹತ್ತುವುದಿಲ್ಲ.

ಟ್ರಾಫಿಕ್ಕಲ್ಲಿ ನಿಂತರೂ ಮೀಟರ್ ಓಡುತ್ತಲ್ಲ ಅಂದರು. ಹೌದು, ಆಗ ದೂರ, ನಿಂತ ಸಮಯ ಎರಡೂ ಸ್ವತಂತ್ರ. ಅದಕ್ಕೆ ಬೇರೆ ಹಾಳೆ ತೆಗೆಸಿದೆ.