ಎಳ್ಳು ಬೀರುವ ಮುನ್ನ ಬೆಲ್ಲ ಹೆಚ್ಚುವುದನ್ನು ಕಲಿಯಿರಿ

ಸಂಕ್ರಾಂತಿಯನ್ನು ಗದ್ದಲವಿಲ್ಲದೆ ಮನೆಯಲ್ಲೇ, ನೆರೆಹೊರೆಯವರೊಂದಿಗೆ ಕಳೆಯಬೇಕೆಂದು ಬಹಳ ಜನ ಬಯಸುತ್ತಾರೆ. ಜನವರಿ 14 ಅಥವಾ 15 ಹತ್ತಿರ ಬರುತ್ತಿದ್ದಂತೆ ಅದೇ ಜನ ಅಂಗಡಿಯ ಪೊಟ್ಟಣಗಳನ್ನು ಹೊತ್ತು ತಂದು, ಬಾಗಿಲಲ್ಲೇ ಕೈಗಿಟ್ಟು ಮುಂದಿನ ಮನೆಗೆ ಓಡುತ್ತಾರೆ. ಮನೆಯಲ್ಲೇ ಎಳ್ಳುಬೆಲ್ಲ ಮಾಡಲು ಹೊರಟವರಲ್ಲಿ ಅನೇಕರು ಬೆಲ್ಲ ಹೆಚ್ಚುವಾಗ ಸೋತು, ಡಬ್ಬಿಯ ತಳದಲ್ಲಿ ಮುದ್ದೆಯಾದದ್ದನ್ನು ಕಂಡು ಇನ್ನು ಈ ಗೊಡವೆಯೇ ಬೇಡ ಎನ್ನುವುದನ್ನು ನೋಡಿದ್ದೇನೆ. ಕೈಬಿಡಬೇಡಿ. ಹಬ್ಬಕ್ಕೆ ಒಂದು ವಾರ ಇರುವಾಗಲೇ ಶುರು ಮಾಡಿ, ಅಕ್ಕಪಕ್ಕದ ಇಬ್ಬರು ಮೂವರನ್ನು ಕರೆದು ಜೊತೆಗೆ ಕೂತರೆ ಇದು ಖಂಡಿತ ಸಾಧ್ಯ.

ಹತ್ತು ಹನ್ನೆರಡು ಮನೆಗಳಿಗೆ ಕೊಬ್ಬರಿ, ಅಚ್ಚುಬೆಲ್ಲ, ಕಡಲೆಕಾಯಿ ಬೀಜ, ಹುರಿಗಡಲೆ ತಲಾ ಅರ್ಧ ಕಿಲೋ, ಬಿಳಿ ಎಳ್ಳು ಕಾಲು ಕಿಲೋ ಸಾಕು. ಅದಕ್ಕಿಂತ ಹೆಚ್ಚು ಮನೆಗಳ ಪಟ್ಟಿ ಮಾಡಲೇಬೇಡಿ. ಕೂತು ಎರಡು ಮಾತಾಡಲು ಬಿಡುವಿಲ್ಲದಷ್ಟು ಮನೆಗಳಿಗೆ ಎಳ್ಳು ಬೀರಿದರೆ ಅದು ಬರೀ ಬಟವಾಡೆ.

ಕೊಬ್ಬರಿ ಕೊಳ್ಳುವಾಗ ಗಿಟುಕನ್ನು ಮೂಸಿ ನೋಡಿ. ಕಮಟು ವಾಸನೆ ಇದ್ದರೆ, ಒಳಗೆ ಹಳದಿ ಕಲೆಗಳಿದ್ದರೆ ಬೇಡ. ತಿಪಟೂರು ಕಡೆಯ ಒಳ್ಳೆಯ ಉಂಡೆ ಕೊಬ್ಬರಿ ಸಿಕ್ಕರೆ ನಾನು ಬೇರೆಯದನ್ನು ಮುಟ್ಟುವುದಿಲ್ಲ. ಹೊರಗಿನ ಕಂದು ಸಿಪ್ಪೆಯನ್ನು ಪೂರ್ತಿ ಹೆರೆದು ತೆಗೆಯಿರಿ. ಇಲ್ಲಿ ಸೋಮಾರಿತನ ಮಾಡಿದರೆ ಮಿಶ್ರಣಕ್ಕೆ ಬಿಳುಪೇ ಬರುವುದಿಲ್ಲ. ಮೊದಲು ತೆಳುವಾದ ಉದ್ದ ಪಟ್ಟಿಗಳಾಗಿ ಸೀಳಿ, ನಾಲ್ಕೈದು ಪಟ್ಟಿಗಳನ್ನು ಒಟ್ಟಿಗೆ ಹಿಡಿದು ಸಣ್ಣಗೆ ಹೆಚ್ಚಿ. ಒಣಗಲು ಬೆಳಗಿನ ಎಳೆಬಿಸಿಲು ಸಾಕು. ಉರಿಬಿಸಿಲಿನಲ್ಲಿ ಬಿಟ್ಟರೆ ಎಣ್ಣೆ ಬಿಡುತ್ತದೆ.

ಇನ್ನು ಬೆಲ್ಲ. ಕಷ್ಟವೆಲ್ಲ ಇರುವುದು ಇಲ್ಲಿಯೇ.

ಮಂಡ್ಯ ಕಡೆಯ ಗಟ್ಟಿ ಅಚ್ಚುಬೆಲ್ಲವನ್ನೇ ತನ್ನಿ. ಉಗುರಿನಿಂದ ಒತ್ತಿದರೆ ತಗ್ಗು ಬೀಳಬಾರದು, ಮುಟ್ಟಿದರೆ ಕೈಗೆ ಅಂಟಬಾರದು. ತೀರಾ ತಿಳಿಹಳದಿಯಾಗಿ ಹೊಳೆಯುವ ಬೆಲ್ಲವನ್ನು ನಾನು ತರುವುದಿಲ್ಲ, ಬಣ್ಣ ತಿಳಿಯಾಗಲೆಂದು ರಾಸಾಯನಿಕ ಹಾಕುವುದುಂಟು. ಮಳೆ, ಮೋಡ ಇರುವ ದಿನ ಬೆಲ್ಲಕ್ಕೆ ಕೈ ಹಾಕಬೇಡಿ. ಮಣೆ, ಚಾಕು, ಅಡಕತ್ತರಿ, ನಿಮ್ಮ ಬೆರಳು ಎಲ್ಲವೂ ಒಣಗಿರಬೇಕು. ಬೆವರುವ ಅಂಗೈ ಇರುವವರನ್ನು ಎಳ್ಳು ಹುರಿಯಲು ಕಳುಹಿಸಿ.

ಅಚ್ಚನ್ನು ಗುದ್ದಿ ಒಡೆಯಬಾರದು. ಗುದ್ದಿದರೆ ಅರ್ಧದಷ್ಟು ಪುಡಿಯಾಗುತ್ತದೆ. ಮಣೆಯ ಮೇಲೆ ಅಡ್ಡ ಮಲಗಿಸಿ, ಅಂಚಿನಿಂದ ಅರ್ಧ ಬೆರಳು ದಪ್ಪದ ಬಿಲ್ಲೆಯಾಗಿ ಚಾಕುವಿನಿಂದ ತೆಗೆಯಿರಿ. ಬಿಲ್ಲೆಯನ್ನು ಪಟ್ಟಿಗಳಾಗಿ, ಪಟ್ಟಿಯನ್ನು ಅಡಕತ್ತರಿಯಲ್ಲಿ ಕಡಲೆಕಾಯಿ ಬೇಳೆಯ ಗಾತ್ರಕ್ಕೆ ಕತ್ತರಿಸಿ. ಅಡಕತ್ತರಿಯ ಬಾಯಿಯನ್ನು ಒಮ್ಮೆಲೇ ಮುಚ್ಚದೆ ಮೊದಲು ಅಲಗನ್ನು ಬೆಲ್ಲಕ್ಕೆ ಕೂರಿಸಿ ಆಮೇಲೆ ಒತ್ತಿದರೆ ತುಂಡು ಸಿಡಿಯುವುದಿಲ್ಲ. ಅಲಗಿಗೆ ಬೆಲ್ಲ ಮೆತ್ತಿಕೊಳ್ಳುತ್ತಿದ್ದಂತೆ ಒಣಬಟ್ಟೆಯಲ್ಲಿ ಒರೆಸುತ್ತಿರಿ.

ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿದರೆ ಬೇಗ ಆಗುತ್ತದೆ ಎಂದು ಯಾರಾದರೂ ಹೇಳುತ್ತಾರೆ. ಕತ್ತರಿಸುವುದು ಸುಲಭವಾಗುತ್ತದೆ ನಿಜ, ಆದರೆ ಮೆತ್ತಗಾದ ತುಂಡುಗಳು ತಟ್ಟೆಯಲ್ಲಿ ಒಂದಕ್ಕೊಂದು ಅಂಟಿ ಕೂರುತ್ತವೆ. ತುರಿಯುವುದು, ಮಿಕ್ಸಿಗೆ ಹಾಕುವುದು ಇನ್ನೂ ಕೆಟ್ಟ ದಾರಿ. ಪುಡಿಬೆಲ್ಲ ಎಳ್ಳಿಗೆ ಮೆತ್ತಿಕೊಂಡರೆ ಎಲ್ಲವೂ ಮುದ್ದೆ.

ಹೆಚ್ಚಿದ ಮೇಲೆ ಜರಡಿಯಲ್ಲಿ ಆಡಿಸಿ. ಕೆಳಗೆ ಬಿದ್ದ ಪುಡಿ ಹಬ್ಬದ ದಿನದ ಸಿಹಿ ಪೊಂಗಲಿಗೆ. ಮೇಲೆ ಉಳಿದ ತುಂಡುಗಳನ್ನು ಬಿಳಿ ಪಂಚೆಯ ಮೇಲೆ ಒಂದರ ಮೇಲೊಂದು ಬೀಳದಂತೆ ಹರಡಿ ಎರಡು ದಿನ ಬಿಸಿಲಿಗಿಡಿ, ಮೇಲೊಂದು ತೆಳು ಬಟ್ಟೆ ಹೊದಿಸಿ. ಇರುವೆಗಳಿಗೆ ಮೇಜಿನ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ನಿಲ್ಲಿಸುವುದೇ ಮದ್ದು. ಹೊತ್ತು ಮುಳುಗುವ ಮುನ್ನ ಒಳಗೆ ತನ್ನಿ. ಜನವರಿಯ ಇಬ್ಬನಿ ಒಂದು ರಾತ್ರಿ ತಾಗಿದರೆ ಎರಡು ದಿನದ ಕೆಲಸ ಹಾಳು. ಬೆರಳಲ್ಲಿ ಒಂದು ತುಂಡು ಹಿಡಿದು ಬಟ್ಟಲಿಗೆ ಬಿಟ್ಟಾಗ ಟಣ್ ಎಂದರೆ ಒಣಗಿದೆ ಎಂದರ್ಥ.

ಈ ಕೆಲಸಕ್ಕೇ ನೆರೆಯವರನ್ನು ಕರೆಯಿರಿ ಎನ್ನುವುದು. ಮಧ್ಯಾಹ್ನ ಊಟದ ಮೇಲೆ ಮಹಡಿಯಲ್ಲೋ ಜಗಲಿಯಲ್ಲೋ ಒಬ್ಬರು ಸಿಪ್ಪೆ ಹೆರೆಯುತ್ತಾ, ಒಬ್ಬರು ಬೆಲ್ಲ ಹೆಚ್ಚುತ್ತಾ ಕೂತರೆ ವರ್ಷವಿಡೀ ಲಿಫ್ಟಿನಲ್ಲಿ ನಕ್ಕು ಸುಮ್ಮನಾದವರ ಊರು, ಮನೆತನ, ಮಂಡಿನೋವು ಎಲ್ಲವೂ ತಿಳಿಯುತ್ತದೆ. ಒಂಟಿಯಾಗಿರುವ ಹಿರಿಯರನ್ನು ಮೊದಲು ಕರೆಯಿರಿ. ಅಡಕತ್ತರಿ ಹಿಡಿಯುವುದು ಅವರಿಗೇ ಚೆನ್ನಾಗಿ ಗೊತ್ತು.

ಉಳಿದದ್ದು ಸಲೀಸು. ಕಡಲೆಕಾಯಿ ಬೀಜವನ್ನು ಸಣ್ಣ ಉರಿಯಲ್ಲಿ ಹುರಿದು, ಸಿಪ್ಪೆ ಉಜ್ಜಿ, ಮೊರದಲ್ಲಿ ಕೇರಿ ಬೇಳೆ ಮಾಡಿಕೊಳ್ಳಿ. ಎಳ್ಳನ್ನು ಚಟಪಟ ಎನ್ನುವವರೆಗೆ ಹುರಿಯಿರಿ. ಹುರಿಗಡಲೆ ಬೆಚ್ಚಗಾದರೆ ಸಾಕು. ಎಲ್ಲವೂ ಪೂರ್ತಿ ಆರಿದ ಮೇಲೆ, ಹಬ್ಬದ ಹಿಂದಿನ ದಿನ ಬೆರೆಸಿ. ಬೀಜ ಬೆಚ್ಚಗಿದ್ದರೆ ಬೆಲ್ಲ ಕರಗುತ್ತದೆ. ಬಣ್ಣದ ಜೀರಿಗೆ ಮಿಠಾಯಿಯನ್ನು ನಾನು ಹಾಕುವುದೇ ಇಲ್ಲ. ಮಕ್ಕಳು ಕೇಳಿದರೆ ಬೇರೆ ಬಟ್ಟಲಲ್ಲಿಡಿ, ಬಣ್ಣ ಬಿಡುತ್ತದೆ.

ಸಂಜೆ ಎಲ್ಲರೂ ಮನೆಮನೆ ಅಲೆಯುವ ಬದಲು ಒಂದೇ ಮನೆಯಲ್ಲಿ ಸೇರುವುದು ನನಗೆ ಇಷ್ಟ. ಸಿಹಿ ಪೊಂಗಲ್ ಒಬ್ಬರದು, ಅವರೆಕಾಳು ಹಾಕಿದ ಖಾರ ಪೊಂಗಲ್ ಇನ್ನೊಬ್ಬರದು. ಧಾರವಾಡದ ಕಡೆಯವರಿದ್ದರೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯನ್ನೂ ಕುಸುರೆಳ್ಳನ್ನೂ ಕೇಳಿ ತರಿಸಿಕೊಳ್ಳಿ. ಮಹಾರಾಷ್ಟ್ರದವರು ತಿಳಗುಳ ತರುತ್ತಾರೆ, ತಮಿಳರಿಗೂ ಅದು ಪೊಂಗಲ್ ಹಬ್ಬ. ಹಾಗಾಗಿ ಹೊರರಾಜ್ಯದವರು ಒಪ್ಪುತ್ತಾರೋ ಇಲ್ಲವೋ ಎಂದು ಹಿಂಜರಿಯಬೇಡಿ. ಪುಟ್ಟ ಮಕ್ಕಳನ್ನು ಮಣೆಯ ಮೇಲೆ ಕೂರಿಸಿ ಎಲಚಿ ಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸು ತಲೆಯ ಮೇಲಿಂದ ಎರೆಯಿರಿ. ಎರಚಿದ್ದನ್ನು ಆಯ್ದುಕೊಳ್ಳಲು ಉಳಿದ ಮಕ್ಕಳು ಮುಗಿಬೀಳುವಾಗ ಟಿ.ವಿ. ಆರಿಸಿರಿ. ಕಡಲೆಕಾಯಿ ಆಗದವರಿದ್ದಾರೆಯೇ ಎಂದು ಮೊದಲೇ ವಿಚಾರಿಸಿ. ಮಧುಮೇಹವಿರುವವರಿಗೆ ಬೆಲ್ಲ ಬೆರೆಸದ ಎಳ್ಳು, ಕೊಬ್ಬರಿ, ಕಡಲೆಯನ್ನು ಬೇರೆಯಾಗಿ ತೆಗೆದಿಡಿ.

ತಟ್ಟೆಗೆ ಹಾಕುವ ಮುನ್ನ ಪ್ರತಿ ಸಲವೂ ತಳದಿಂದ ಕೈಯಾಡಿಸಿ, ಎಳ್ಳು ಯಾವಾಗಲೂ ಕೆಳಗೆ ಇಳಿದಿರುತ್ತದೆ. ಉಳಿದದ್ದನ್ನು ಸ್ಟೀಲ್ ಡಬ್ಬಿಯಲ್ಲಿ ಗಾಳಿಯಾಡದಂತೆ ಮುಚ್ಚಿಟ್ಟು, ಕೊಬ್ಬರಿ ಕಮಟುವ ಮುನ್ನ ತಿಂದು ಮುಗಿಸಿ.