ಹಾಟ್ ವಾಟರ್ ಬ್ಯಾಗಿನ ಖಾಲಿ ಹೊಟ್ಟೆಗೆ ಎರಕ

ಒಂದು ವಸ್ತುವಿನೊಳಗೆ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಸುರಿದು, ಅದರ ಒಳಗಿನ ಖಾಲಿ ಜಾಗದ ಆಕಾರವನ್ನೇ ಎರಕ ತೆಗೆಯುವ ಕೆಲಸವಿದು. ಮೊದಲೇ ಹೇಳಿಬಿಡುತ್ತೇನೆ, ಚೊಂಬು ಬೇಡ. ನನ್ನ ಮೊದಲ ಎಡವಟ್ಟೇ ಅದು. ಅಮ್ಮನ ಸ್ಟೀಲ್ ಚೊಂಬಿಗೆ ಪಿಒಪಿ ಸುರಿದೆ. ಹೊಟ್ಟೆ ದಪ್ಪ, ಕಂಠ ಸಣ್ಣ, ಗಟ್ಟಿಯಾದದ್ದು ಹೊರಗೆ ಬರುವುದಾದರೂ ಹೇಗೆ? ಸಾಲದ್ದಕ್ಕೆ ಪಿಒಪಿ ಗಟ್ಟಿಯಾಗುವಾಗ ಒಂಚೂರು ಹಿಗ್ಗುತ್ತದೆ. ಆ ಚೊಂಬು ಈಗ ಹಿತ್ತಲ ಬಾಗಿಲು ಬಡಿದುಕೊಳ್ಳದಂತೆ ಒತ್ತಿಗೆ ನಿಂತಿದೆ.

ಕತ್ತರಿಸಿ ಎಸೆಯಬಹುದಾದ ವಸ್ತು ಬೇಕು. ಲಂಡನ್ನಿನ ಶಿಲ್ಪಿ ರೇಚಲ್ ವೈಟ್‌ರೀಡ್ 1988ರಲ್ಲಿ ರಬ್ಬರಿನ ಹಾಟ್ ವಾಟರ್ ಬ್ಯಾಗಿಗೆ ಪ್ಲಾಸ್ಟರ್ ತುಂಬಿಸಿ, ಹೊರಬಂದದ್ದನ್ನು 'ಟಾರ್ಸೊ' ಎಂದು ಕರೆದರು. ಅಂದರೆ ಮುಂಡ. 1993ರಲ್ಲಿ ಒಂದು ಇಡೀ ಮನೆಯ ಒಳಮೈಗೆ ಕಾಂಕ್ರೀಟ್ ಸಿಂಪಡಿಸಿ, ಹೊರಗೋಡೆಗಳನ್ನೇ ಕಿತ್ತರು. ನಮಗೆ ಮನೆ ಬೇಡ, ಬ್ಯಾಗ್ ಸಾಕು.

ಸೋರುವ ಬ್ಯಾಗ್ ಬೇಡ. ಹಳೆಯದಾದರೆ ನೀರು ತುಂಬಿ ಪರೀಕ್ಷಿಸಿ. ಬಕೆಟ್ಟಿನಲ್ಲಿ ಮರಳು ಹಾಕಿ, ಬಾಯಿ ಮೇಲೆ ಮಾಡಿ ಅರ್ಧ ಹೂತು ನಿಲ್ಲಿಸಿ.

ಒಂದು ಲೀಟರ್ ನೀರಿಗೆ ಸುಮಾರು ಒಂದೂವರೆ ಕೆಜಿ ಪಿಒಪಿ. ನೀರಿಗೆ ಪುಡಿ ಹಾಕಬೇಕು, ಪುಡಿಗೆ ನೀರಲ್ಲ. ರಾಗಿ ಹಿಟ್ಟು ಉದುರಿಸಿದ ಹಾಗೆ ಸ್ವಲ್ಪ ಸ್ವಲ್ಪವೇ ಉದುರಿಸಿ. ಎರಡು ನಿಮಿಷ ಸುಮ್ನೆ ಬಿಡಿ, ಪುಡಿ ತಾನಾಗೇ ನೀರು ಕುಡಿಯುತ್ತದೆ. ಆಮೇಲೆ ನಿಧಾನಕ್ಕೆ ಕಲಸಿ, ಜೋರಾಗಿ ಕಲಸಿದರೆ ಗುಳ್ಳೆ ಏಳುತ್ತದೆ. ಪಾತ್ರೆಯಲ್ಲಿ ಹಳೆ ಪಿಒಪಿ ಚೂರು ಅಂಟಿರಬಾರದು, ಇದ್ದರೆ ಸುರಿಯುವ ಮೊದಲೇ ಗಟ್ಟಿಯಾಗಿಬಿಡುತ್ತದೆ. ಮೂಗಿಗೆ ಮಾಸ್ಕ್ ಇರಲಿ.

ದೋಸೆ ಹಿಟ್ಟಿನ ಹದಕ್ಕೆ ಬಂದಾಗ ಆಲಿಕೆ ಇಟ್ಟು ಸುರಿಯಿರಿ. ಬ್ಯಾಗನ್ನು ಮೆಲ್ಲಗೆ ತಟ್ಟಿ, ಒಳಗಿನ ಗಾಳಿ ಹೊರಬರಲಿ. ಸ್ವಲ್ಪ ಹೊತ್ತಿಗೆ ಬ್ಯಾಗ್ ತಾನೇ ಬಿಸಿಯಾಗುತ್ತದೆ. ಬೆಂಕಿಯಿಲ್ಲ, ಕುದಿನೀರಿಲ್ಲ, ಆದರೂ ಹಾಟ್ ವಾಟರ್ ಬ್ಯಾಗೇ! ಆದರೆ ಈ ಬಿಸಿ ಆಟವಲ್ಲ. ಕೈಯ ಅಚ್ಚು ತೆಗೆಯುತ್ತೇನೆ ಅಂತ ಪಿಒಪಿಯಲ್ಲಿ ಕೈ ಹೂತಿಡಬೇಡಿ, ಚರ್ಮ ಸುಡುತ್ತದೆ. ಮಿಕ್ಕಿದ್ದನ್ನು ಸಿಂಕಿಗೂ ಸುರಿಯಬೇಡಿ, ಪೈಪು ಕಲ್ಲಾಗುತ್ತದೆ.

ಪೂರ್ತಿ ತಣ್ಣಗಾದ ಮೇಲೆ ಅಂಚಿನ ಉದ್ದಕ್ಕೂ ಬ್ಲೇಡ್ ಆಡಿಸಿ, ರಬ್ಬರನ್ನು ಬಾಳೆಹಣ್ಣಿನ ಸಿಪ್ಪೆಯಂತೆ ಸುಲಿಯಿರಿ. ನನ್ನದರಲ್ಲಿ ಕುತ್ತಿಗೆಯ ಕೆಳಗೆ ಒಂದು ಮಡಿಕೆ ಬಿದ್ದಿತ್ತು, ಥೇಟ್ ಮಗುವಿನ ಕಂಕುಳ ಹಾಗೆ. ಅದನ್ನು ಉಜ್ಜಿ ನುಣುಪು ಮಾಡಲು ನನಗೆ ಮನಸ್ಸಾಗಲಿಲ್ಲ.

ಒಣಗಲು ವಾರವಾದರೂ ಬೇಕು. ಕೆನ್ನೆಗೆ ಒತ್ತಿ ನೋಡಿ. ತಣ್ಣಗೆ ತಾಗಿದರೆ ಇನ್ನೂ ಒಳಗೆ ನೀರಿದೆ.